ಕೈಯಲ್ಲಿ ಚೇಳು ಹಿಡಿದವಳು ಯಾರು?

ಒಂದು ಪುಟ್ಟ ಬೆಳ್ಳಿ ನಾಣ್ಯ. ನಮ್ಮ ಒಂದು ರೂಪಾಯಿಗಿಂತಲೂ ಚಿಕ್ಕದು. ಅದರ ಹಿಂಬದಿಯಲ್ಲಿ ಹೆಂಗಸೊಬ್ಬಳು ಒರಗಿ ಕೂತಿದ್ದಾಳೆ. ಅವಳ ತಲೆಯ ಮೇಲೇನಿದೆ, ಸರಿಯಾಗಿ ನೋಡಿ. ಕಿರೀಟವೇ? ಅಲ್ಲ. ಆನೆಯ ತಲೆಯ ಚರ್ಮ! ಸೊಂಡಿಲು ಸಮೇತ! ಚಾಚಿದ ಕೈಯಲ್ಲಿ? ಚೇಳು! ಕಾಲ ಬಳಿ ತೆನೆ ತುಂಬಿದ ಬುಟ್ಟಿ.

ಯಾರಿವಳು? ಹೇಳಿ ನೋಡೋಣ!

ರಾಣಿಯಲ್ಲ. ಯಾವ ಶ್ರೀಮಂತನ ಮಗಳೂ ಅಲ್ಲ. ಅವಳೊಂದು ನಾಡು! ರೋಮನ್ನರ ಆಫ್ರಿಕಾ ಪ್ರಾಂತ್ಯ, ಅಂದರೆ ಇಂದಿನ ಟುನೀಶಿಯಾ ಮತ್ತದರ ಆಸುಪಾಸು. ರೋಮ್ ನಗರಕ್ಕೆ ಹಡಗುಗಟ್ಟಲೆ ಗೋಧಿ ಕಳಿಸುತ್ತಿದ್ದ ನೆಲ. ಬುಟ್ಟಿ ಅದಕ್ಕೇ! ಎರಡು ಸೆಂಟಿಮೀಟರೂ ಇಲ್ಲದ ಬಿಲ್ಲೆಯ ಮೇಲೆ ಒಂದಿಡೀ ಸೀಮೆ ಕೂತಿದೆ!

ಈ ನಾಣ್ಯ ಹೊಡೆಸಿದವನು ಹೇಡ್ರಿಯನ್. ಕ್ರಿ.ಶ. 117ರಿಂದ 138ರವರೆಗೆ ಆಳಿದ ಚಕ್ರವರ್ತಿ. ಅರಮನೆಯಲ್ಲಿ ಕೂತು ಆಳಿದವನಲ್ಲ, ವರ್ಷಗಟ್ಟಲೆ ಸಾಮ್ರಾಜ್ಯ ಸುತ್ತಿದವನು! ಕಂಡ ನಾಡುಗಳನ್ನು ನಾಣ್ಯಕ್ಕೆ ಇಳಿಸಿದ. ಈಜಿಪ್ಟ್ ಬಂದಳು, ಕೈಯಲ್ಲಿ ಐಸಿಸ್ ದೇವಿಯ ಗಿಲಕಿ, ಎದುರಿಗೆ ಐಬಿಸ್ ಹಕ್ಕಿ. ಸ್ಪೇನ್ ಬಂದಳು, ಕೈಯಲ್ಲಿ ಆಲಿವ್ ಕೊಂಬೆ. ಅವಳ ಜೊತೆಗಿರುವ ಪ್ರಾಣಿ ಯಾವುದು? ಗೂಳಿ ಅಂದಿರಾ?

ಮೊಲ!

ಹೌದು, ಮೊಲ! ನಗಬೇಡಿ. ಆ ಸೀಮೆಯ ಮೊಲಗಳ ಕಾಟ ಸಾಮಾನ್ಯದ್ದಲ್ಲ. ಸ್ಪೇನಿನ ಪಕ್ಕದ ಬಲೇರಿಕ್ ದ್ವೀಪಗಳ ಜನ ಮೊಲಗಳನ್ನು ಹತ್ತಿಕ್ಕಲು ಚಕ್ರವರ್ತಿ ಆಗಸ್ಟಸ್‌ನ ಹತ್ತಿರ ಸೈನ್ಯವನ್ನೇ ಕೇಳಿದ್ದರಂತೆ! ಬರೆದಿಟ್ಟವನು ರೋಮನ್ ಲೇಖಕ ಪ್ಲಿನಿ. ಇನ್ನೊಂದು ವಿಷಯ ಗೊತ್ತೇ? ಹೇಡ್ರಿಯನ್‌ನ ಮನೆತನವೂ ಸ್ಪೇನಿನದೇ. ತನ್ನ ಹಿರೀಕರ ನೆಲದ ಗುರುತಿಗೆ ಅವನು ಒಪ್ಪಿದ್ದು ಸಿಂಹವನ್ನಲ್ಲ, ಮೊಲವನ್ನು. ನನಗಂತೂ ಈ ನಾಣ್ಯದ ಮೇಲೆಯೇ ಎಲ್ಲಕ್ಕಿಂತ ಪ್ರೀತಿ!

ಆದರೆ ಈ ಹೆಂಗಸರು ಯಾವಾಗಲೂ ಹೀಗೆ ನೆಮ್ಮದಿಯಾಗಿ ಕೂತವರಲ್ಲ. ಸುಮಾರು ಅರವತ್ತು ವರ್ಷ ಹಿಂದಕ್ಕೆ ಹೋಗಿ. ಕ್ರಿ.ಶ. 70ರಲ್ಲಿ ಜೆರುಸಲೇಮ್ ರೋಮನ್ನರ ಕೈಗೆ ಬಿತ್ತು. ಚಕ್ರವರ್ತಿ ವೆಸ್ಪೇಸಿಯನ್‌ನ ನಾಣ್ಯದಲ್ಲಿ ಒಂದು ಖರ್ಜೂರದ ಮರ. ಅದರ ಬುಡದಲ್ಲಿ ತಲೆಗೆ ಕೈಕೊಟ್ಟು ಕೂತ ಹೆಂಗಸು. ಅವಳು ಜುಡೇಯಾ, ಜೆರುಸಲೇಮಿನ ಸೀಮೆ. ಸೋತ ನಾಡು! ಗೆದ್ದವರು ಅವಳ ದುಃಖವನ್ನೇ ಅಚ್ಚುಹೊಡೆದು ಸಂತೆ ಸಂತೆಗೆ ಹಂಚಿದರು.

ಹೇಡ್ರಿಯನ್ ಆ ಚಿತ್ರವನ್ನೇ ತಿರುಗಿಸಿಬಿಟ್ಟ. ಅವನ ನಾಣ್ಯಗಳಲ್ಲಿ ಮಂಡಿಯೂರಿದ ನಾಡಿನ ಕೈಹಿಡಿದು ಚಕ್ರವರ್ತಿಯೇ ಮೇಲೆತ್ತುತ್ತಾನೆ! ಎಂಥ ಚಿತ್ರ! ಆದರೂ ಹೇಳಲೇಬೇಕು, 132ರಿಂದ 135ರವರೆಗೆ ಜುಡೇಯಾದ ದಂಗೆಯನ್ನು ರಕ್ತ ಹರಿಸಿ ಅಡಗಿಸಿದವನೂ ಅವನೇ. ನಾಣ್ಯದ ಮೇಲಿನ ಕೈ ಎಲ್ಲರ ಪಾಲಿಗೂ ಚಾಚಲಿಲ್ಲ.

ಈಗ ಕೊನೆಯ ಸವಾಲು. ಇವರಲ್ಲಿ ಒಬ್ಬಳು ಇಂದಿಗೂ ಚಲಾವಣೆಯಲ್ಲಿದ್ದಾಳೆ. ಯಾರು?

ಬ್ರಿಟಾನಿಯಾ, ಅಂದರೆ ಬ್ರಿಟನ್!

ಹೇಡ್ರಿಯನ್‌ನ ನಂತರ ಬಂದ ಆಂಟೊನೈನಸ್ ಪಯಸ್ 154ರ ಹೊತ್ತಿಗೆ ಅವಳನ್ನು ತಾಮ್ರದ ನಾಣ್ಯದಲ್ಲಿ ಕೂರಿಸಿದ. ಬಂಡೆಯ ಮೇಲೆ, ಕೆನ್ನೆಗೆ ಕೈಯಿಟ್ಟು, ಸಪ್ಪೆ ಮುಖದಲ್ಲಿ! ಬ್ರಿಟನ್ನಿನಲ್ಲಿ ಹೇಡ್ರಿಯನ್ ಕಟ್ಟಿಸಿದ ಗೋಡೆಯ ಬಳಿ ಕೊವೆಂಟೀನಾ ಎಂಬ ದೇವತೆಯ ಬಾವಿಯಿದೆ. 1876ರಲ್ಲಿ ಅಗೆದಾಗ ಸಾವಿರಾರು ನಾಣ್ಯ ಸಿಕ್ಕವು. ಅವುಗಳಲ್ಲಿ ಈ ಸಪ್ಪೆ ಮುಖದ ಬ್ರಿಟಾನಿಯಾ ಎಷ್ಟು ಗೊತ್ತೇ? 300ಕ್ಕೂ ಹೆಚ್ಚು! ಹರಕೆ ಹೊತ್ತವರು ತಮ್ಮ ನಾಡನ್ನೇ ದೇವಿಯ ನೀರಿಗೆ ಹಾಕಿದ್ದರು!

ರೋಮ್ ಹೋಯಿತು. ಬ್ರಿಟಾನಿಯಾಳೂ ಮರೆಯಾದಳು. ಆಮೇಲೆ 1672ರಲ್ಲಿ ಇಂಗ್ಲೆಂಡಿನ ಎರಡನೇ ಚಾರ್ಲ್ಸ್ ದೊರೆ ಅವಳನ್ನು ಮತ್ತೆ ತಾಮ್ರದ ನಾಣ್ಯಕ್ಕೆ ಕರೆತಂದ. ಅದೇ ಕೂತ ಭಂಗಿ, ಆದರೆ ಈ ಸಲ ತಲೆಯೆತ್ತಿ! 1969ರಿಂದ 2008ರವರೆಗೆ 50 ಪೆನ್ಸ್ ನಾಣ್ಯದ ಹಿಂಬದಿಯಲ್ಲೂ ಅವಳೇ, ಪಕ್ಕದಲ್ಲಿ ಸಿಂಹ.

ಲಂಡನ್ನಿನಲ್ಲೋ ಮ್ಯಾಂಚೆಸ್ಟರಿನಲ್ಲೋ ನಿಮ್ಮವರು ಯಾರಾದರೂ ಇದ್ದಾರೆಯೇ? ಇವತ್ತೇ ಫೋನ್ ಮಾಡಿ, ಕೈಗೆ ಬಂದ 50 ಪೆನ್ಸ್ ನಾಣ್ಯಗಳನ್ನು ತಿರುಗಿಸಿ ನೋಡಲು ಹೇಳಿ!