ಕಣ ಎಣಿಸುವ ಯಂತ್ರಕ್ಕೆ ಗುಳ್ಳೆ ಕಂಡೀತೇ?

ಹನುಮನಹಳ್ಳಿ, ಆನೆಗೊಂದಿ ಸೀಮೆಯಲ್ಲಿ ಬಾಳೆಯ ಎಲೆ ಊಟಕ್ಕೆ, ನಾರು ಬುಟ್ಟಿ ಚೀಲಗಳಿಗೆ. ಎಲೆಗೆ ಇನ್ನೊಂದು ಕೆಲಸವೂ ಉಂಟು. ಮೈತುಂಬ ಗುಳ್ಳೆ ಒಡೆದು ಚರ್ಮ ಸುಲಿದ ರೋಗಿಯನ್ನು ಬಟ್ಟೆಯ ಮೇಲೆ ಮಲಗಿಸಿದರೆ ಹಸಿ ಗಾಯಕ್ಕೆ ಬಟ್ಟೆ ಅಂಟುತ್ತದೆ, ಬಿಡಿಸುವಾಗ ಉಳಿದ ತೊಗಲೂ ಕಿತ್ತು ಬರುತ್ತದೆ. ಅದಕ್ಕೇ ನಮ್ಮ ದೇಶದ ಕೆಲವು ಆಸ್ಪತ್ರೆಗಳಲ್ಲಿ ಶುಚಿ ಮಾಡಿದ ಬಾಳೆಎಲೆಯನ್ನು ಹಾಸುತ್ತಾರೆ. ಹೀಗೆ ಚರ್ಮ ಸುಲಿಯುವ ಒಂದು ರೋಗದ ಹೆಸರು ಪೆಂಫಿಗಸ್.

ಚರ್ಮದ ಮೇಲ್ಪದರದ ಕೋಶಗಳನ್ನು ಒಂದಕ್ಕೊಂದು ಬೆಸೆಯುವುದು ಡೆಸ್ಮೊಗ್ಲೀನ್ ಎಂಬ ಪ್ರೋಟೀನು. ಪೆಂಫಿಗಸ್ ಆದವರಲ್ಲಿ ರೋಗಾಣುವಿನ ಮೇಲೆ ಹೋಗಬೇಕಾದ ಪ್ರತಿಕಾಯಗಳು ಈ ಬೆಸುಗೆಯ ಮೇಲೇ ಬೀಳುತ್ತವೆ. ಬೆಸುಗೆ ಬಿಟ್ಟಲ್ಲಿ ನೀರು ತುಂಬಿ ಸಡಿಲ ಗುಳ್ಳೆ ಏಳುತ್ತದೆ. ಇದರ ದಾಯಾದಿ ಬುಲ್ಲಸ್ ಪೆಂಫಿಗಾಯ್ಡ್ ಹೆಚ್ಚಾಗಿ ವಯಸ್ಸಾದವರನ್ನು ಹಿಡಿಯುತ್ತದೆ. ಅಲ್ಲಿ ಸಡಿಲುವುದು ಮೇಲ್ಪದರಕ್ಕೂ ಕೆಳಪದರಕ್ಕೂ ನಡುವಿನ ಹಿಡಿತ. ಗುಳ್ಳೆ ಬಿಗಿಯಾಗಿರುತ್ತದೆ, ತುರಿಕೆ ವಿಪರೀತ. ಎರಡೂ ಮುಟ್ಟಿದರೆ ಅಂಟುವ ರೋಗಗಳಲ್ಲ.

ಪೆಂಫಿಗಸ್ ಬಹಳ ಸಲ ಬಾಯಿಯಿಂದ ಶುರುವಾಗುತ್ತದೆ. "ಉಷ್ಣ ಆಗೇತಿ, ಮಜ್ಜಿಗಿ ಕುಡಿ" ಎನ್ನುವುದರಲ್ಲೇ ತಿಂಗಳು ಕಳೆಯುತ್ತದೆ. ರೊಟ್ಟಿ ನುಂಗಲಾಗದೆ ಗಂಗಾವತಿಯ ಆಸ್ಪತ್ರೆಗೆ ಹೋದರೆ ಮೊದಲು ಬರೆಯುವುದು ರಕ್ತ ಪರೀಕ್ಷೆ. ನೇರಳೆ ಮುಚ್ಚಳದ ಟ್ಯೂಬಿನಲ್ಲಿ ಎರಡು ಮೂರು ಮಿಲಿಲೀಟರ್ ರಕ್ತ ಕಣ ಎಣಿಸುವ ಯಂತ್ರಕ್ಕೆ ಹೋಗುತ್ತದೆ.

ಈ ಯಂತ್ರದ ಮೂಲ ಉಪಾಯ ಅಮೆರಿಕದ ವಾಲೇಸ್ ಕೌಲ್ಟರ್ ಅವರದು. ಪೇಟೆಂಟ್ ಸಿಕ್ಕಿದ್ದು 1953ರಲ್ಲಿ. ಉಪ್ಪುನೀರಿನಲ್ಲಿ ತೆಳುವಾಗಿಸಿದ ರಕ್ತವನ್ನು ಕೂದಲೆಳೆಯಷ್ಟು ಸಣ್ಣ ರಂಧ್ರದ ಮೂಲಕ ಹಾಯಿಸುತ್ತಾರೆ. ರಂಧ್ರದಲ್ಲಿ ವಿದ್ಯುತ್ ಹರಿಯುತ್ತಿರುತ್ತದೆ. ಒಂದೊಂದು ಕಣ ದಾಟುವಾಗಲೂ ಹರಿವಿಗೆ ಕ್ಷಣಕಾಲ ತಡೆ. ತಡೆ ಎಷ್ಟು ಸಲ ಬಂತು ಎಂಬುದು ಕಣಗಳ ಲೆಕ್ಕ. ಎಷ್ಟು ದೊಡ್ಡದಿತ್ತು ಎಂಬುದು ಕಣದ ಗಾತ್ರ.

ಸಣ್ಣ ಲ್ಯಾಬಿನ ಯಂತ್ರ ಬಿಳಿ ಕಣಗಳನ್ನು ಗಾತ್ರ ನೋಡಿ ಮೂರು ಗುಂಪು ಮಾಡುತ್ತದೆ. ಗಂಗಾವತಿಯ ರೈಸ್ ಮಿಲ್ಲಿನ ಜರಡಿ ನುಚ್ಚು ಬೇರೆ, ಅಕ್ಕಿ ಬೇರೆ ಮಾಡಿದಂತೆ. ದೊಡ್ಡ ಲ್ಯಾಬಿನದು ಬೆಳಕು ಹಾಯಿಸಿ ಐದು ಗುಂಪು ಮಾಡುತ್ತದೆ. ಬಣ್ಣ ನೋಡಿ ಕಪ್ಪಕ್ಕಿ ಆರಿಸುವ ಸಾರ್ಟೆಕ್ಸ್ ಇದ್ದಂತೆ. ಈ ವ್ಯತ್ಯಾಸ ಗುಳ್ಳೆರೋಗಿಗೆ ಮುಖ್ಯ. ಪೆಂಫಿಗಾಯ್ಡ್ ಇದ್ದವರಲ್ಲಿ ಸುಮಾರು ಅರ್ಧದಷ್ಟು ಜನರಿಗೆ ಇಯೊಸಿನೊಫಿಲ್ ಎಂಬ ಬಿಳಿ ಕಣಗಳು ಹೆಚ್ಚಿರುತ್ತವೆ. ಮೂರು ಗುಂಪಿನ ಯಂತ್ರ ಅವನ್ನು ಬೇರೆಯಾಗಿ ತೋರಿಸುವುದಿಲ್ಲ. ಆಗ ಗಾಜಿನ ಮೇಲೆ ಒಂದು ಹನಿ ರಕ್ತ ಸವರಿ, ಲೀಶ್‌ಮನ್ ಬಣ್ಣ ಹಾಕಿ, ಸೂಕ್ಷ್ಮದರ್ಶಕಕ್ಕೆ ಕಣ್ಣಿಡಬೇಕು: ಎರಡು ಹೋಳಿನ ಕೇಂದ್ರ, ಸುತ್ತ ಕೇಸರಿ ಹರಳು. ಆದರೆ ಬರಿಗಾಲಲ್ಲಿ ಹೊಲಕ್ಕಿಳಿದವರ ಹೊಟ್ಟೆಯಲ್ಲಿ ಕೊಕ್ಕೆಹುಳು ಇದ್ದರೂ ಇದೇ ಕಣ ಏರುತ್ತದೆ.

ಇನ್ನೊಂದು ಅಗ್ಗದ ಸುಳಿವು ನ್ಯೂಟ್ರೊಫಿಲ್ ಮತ್ತು ಲಿಂಫೊಸೈಟ್‌ಗಳ ಅನುಪಾತ. ನೂರು ಬಿಳಿ ಕಣಗಳಲ್ಲಿ ಅರವತ್ತು ನ್ಯೂಟ್ರೊಫಿಲ್, ಮೂವತ್ತು ಲಿಂಫೊಸೈಟ್ ಇದ್ದರೆ ಅನುಪಾತ 2. ಗುಳ್ಳೆರೋಗಿಗಳಲ್ಲಿ ಇದು ಆರೋಗ್ಯವಂತರಿಗಿಂತ ಹೆಚ್ಚಿರುವುದನ್ನು ಹಲವು ಅಧ್ಯಯನಗಳು ಕಂಡಿವೆ. ಇಲ್ಲಿ ಎಡವುವುದು ಸುಲಭ. ಚಿಕಿತ್ಸೆಗೆ ಕೊಡುವ ಸ್ಟೆರಾಯ್ಡ್ ರಕ್ತನಾಳದ ಗೋಡೆಗೆ ಒರಗಿದ್ದ ನ್ಯೂಟ್ರೊಫಿಲ್‌ಗಳನ್ನು ಹರಿವಿಗೆ ಇಳಿಸುತ್ತದೆ, ಲಿಂಫೊಸೈಟ್‌ಗಳನ್ನು ಹೊರಗೆ ಕಳಿಸುತ್ತದೆ. ಎಂಬತ್ತಕ್ಕೆ ಹತ್ತಾದರೆ ಅನುಪಾತ 8. ಗುಳ್ಳೆ ಒಣಗುತ್ತಿದ್ದರೂ ಅಂಕಿ ಏರುತ್ತದೆ!

ಯಕೃತ್ತು ತಯಾರಿಸುವ ಸಿಆರ್‌ಪಿ ಎಂಬ ಪ್ರೋಟೀನಿನ ಮಾತೂ ಬೇರೆಯಲ್ಲ. ಉರಿಯೂತ ಯಾವುದೇ ಇರಲಿ, ಅದು ಏರುತ್ತದೆ. ಹಾಗಂತ ತಳ್ಳಿಹಾಕುವಂತಿಲ್ಲ. ಪೆಂಫಿಗಸ್ ರೋಗಿಯ ಜೀವಕ್ಕೆ ದೊಡ್ಡ ಅಪಾಯ ತೆರೆದ ಗಾಯದಿಂದ ರಕ್ತಕ್ಕಿಳಿಯುವ ನಂಜು. ಸಿಆರ್‌ಪಿ ಒಮ್ಮೆಲೇ ಜಿಗಿದರೆ ವೈದ್ಯರು ಮೊದಲು ಹುಡುಕುವುದು ಅದನ್ನೇ.

ರೋಗ ಯಾವುದೆಂದು ನಿಶ್ಚಯಿಸುವುದು ಗುಳ್ಳೆಯ ಪಕ್ಕದಿಂದ ತೆಗೆದ ಚರ್ಮದ ಚೂರು. ಹಸಿರು ಹೊಳೆಯುವ ಬಣ್ಣ ಹಾಕಿ ನೋಡಿದರೆ ಪೆಂಫಿಗಸ್‌ನಲ್ಲಿ ಕೋಶಗಳ ಸುತ್ತ ತುಂಗಭದ್ರೆಗೆ ಬೀಸಿದ ಮೀನಿನ ಬಲೆಯಂತೆ ಕಾಣುತ್ತದೆ; ಪೆಂಫಿಗಾಯ್ಡ್‌ನಲ್ಲಿ ಪದರಗಳ ನಡುವೆ ಒಂದೇ ಗೆರೆ. ಆಮೇಲೆ ಚಿಕಿತ್ಸೆ. ಸ್ಟೆರಾಯ್ಡ್ ಬರುವ ಮೊದಲು ಪೆಂಫಿಗಸ್ ಬಂದರೆ ಬದುಕುಳಿಯುತ್ತಿದ್ದವರು ಕಡಿಮೆ. ದೆಹಲಿಯ ಏಮ್ಸ್‌ನಲ್ಲಿ ಡಾ. ಜೆ. ಎಸ್. ಪಸ್ರಿಚಾ 1980ರ ದಶಕದಲ್ಲಿ ರೂಪಿಸಿದ, 28 ದಿನಕ್ಕೊಮ್ಮೆ ಮದ್ದು ಹನಿಸುವ ಕ್ರಮ ಭಾರತದಲ್ಲಿ ಎಷ್ಟೋ ಜನರನ್ನು ಉಳಿಸಿತು. ಈಗ ರಿಟುಕ್ಸಿಮ್ಯಾಬ್ ಎಂಬ ಮದ್ದು ಕೂಡ ಇದೆ.

ಇಷ್ಟು ದೀರ್ಘ ಚಿಕಿತ್ಸೆಯಲ್ಲಿ ಒಂದು ದಿನದ ಒಂದು ಅಂಕಿ ಏನನ್ನೂ ಹೇಳಲಾರದು. ಆದ್ದರಿಂದ ರಿಪೋರ್ಟ್‌ಗಳನ್ನು ಎಸೆಯಬೇಡಿ. ತಾರೀಖಿನ ಪ್ರಕಾರ ಜೋಡಿಸಿ, ಸ್ಟೆರಾಯ್ಡ್ ಶುರುವಾದ ದಿನವನ್ನು, ಜ್ವರ ಬಂದ ದಿನವನ್ನು ಪೆನ್ನಿನಲ್ಲಿ ಅದರ ಮೇಲೇ ಬರೆದಿಡಿ. ಯಂತ್ರ ಎಣಿಸಿಕೊಡುವುದು ಕಣಗಳನ್ನಷ್ಟೇ. ಏರಿದ್ದು ರೋಗವೋ, ಮದ್ದೋ, ನಂಜೋ ಎಂದು ವೈದ್ಯರು ಬಿಡಿಸಿ ಓದುವುದು ನೀವು ಬರೆದ ಆ ತಾರೀಖುಗಳಿಂದ.