ಗೋಡೆಯ ಬೂಷ್ಟು, ಮಗುವಿನ ಉಬ್ಬಸ

ನಮ್ಮ ಶಾಲೆಯ ಮೂರನೆಯ ತರಗತಿಯ ಬಾಲಕನೊಬ್ಬನು ಪ್ರತಿ ಮಳೆಗಾಲದಲ್ಲಿಯೂ ವಾರಗಟ್ಟಲೆ ಗೈರುಹಾಜರಾಗುತ್ತಿದ್ದನು. ಬಂದ ದಿನವೂ ಕೆಮ್ಮುತ್ತ, ತೂಕಡಿಸುತ್ತ ಕುಳಿತಿರುತ್ತಿದ್ದನು. ಅದನ್ನು ಸೋಮಾರಿತನವೆಂದೇ ಬಗೆದು ನಾನು ಗದರಿಸಿದ್ದುಂಟು. ಒಂದು ಆಟಿ ತಿಂಗಳಲ್ಲಿ ಅವನ ಮನೆಗೆ ಹೋದಾಗ ನನ್ನ ತಪ್ಪು ನನಗೆ ತಿಳಿಯಿತು. ಅವನು ಮಲಗುವ ಕೋಣೆಯಲ್ಲಿ ಮುಗ್ಗಲು ವಾಸನೆ. ಹಾಸಿಗೆಗೆ ತಾಗಿದ ಗೋಡೆಯ ಮೇಲೆ ಕರಿಯ ಬೂಷ್ಟು. ರಾತ್ರಿಯೆಲ್ಲ ಉಬ್ಬಸಪಟ್ಟ ಮಗು ಹಗಲು ತೂಕಡಿಸದೆ ಇನ್ನೇನು ಮಾಡೀತು?

ಕಾಸರಗೋಡಿನ ಕಡೆ ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಮೀರಿ ಮಳೆ ಸುರಿಯುತ್ತದೆ. ನಮ್ಮ ಮುರಕಲ್ಲಿನ ಗೋಡೆಗಳು ತೇವವನ್ನು ಹೀರಿಕೊಳ್ಳುತ್ತವೆ. ಒಡೆದ ಹೆಂಚಿನಿಂದ ನೀರು ಸೋರುತ್ತದೆ. ಒದ್ದೆ ಬಟ್ಟೆಗಳನ್ನು ಒಳಗೇ ಹರವುತ್ತೇವೆ. ಎರಚಲಿಗೆ ಹೆದರಿ ಕಿಟಕಿ ಮುಚ್ಚುತ್ತೇವೆ. ಬೂಷ್ಟೆಂಬುದು ಒಂದು ಶಿಲೀಂಧ್ರ. ಅದರ ಕಣ್ಣಿಗೆ ಕಾಣದ ಬೀಜಕಣಗಳು ಗಾಳಿಯಲ್ಲಿ ಸದಾ ಇರುತ್ತವೆ. ತೇವ ದೊರೆತರೆ ಮರ, ಕಾಗದ, ಬಟ್ಟೆ, ಬಣ್ಣ ಎಲ್ಲದರ ಮೇಲೂ ಅವು ಬೆಳೆಯುತ್ತವೆ.

ಮಕ್ಕಳ ಉಸಿರ್ನಾಳಗಳು ಕಿರಿದು. ದೇಹದ ತೂಕಕ್ಕೆ ಹೋಲಿಸಿದರೆ ಅವರು ಸೇದುವ ಗಾಳಿ ನಮಗಿಂತ ಹೆಚ್ಚು. ಆದುದರಿಂದ ಬೂಷ್ಟಿನ ಬಾಧೆ ಅವರಿಗೆ ಬೇಗ ತಗಲುತ್ತದೆ. ಮೂಗು ಸೋರುವುದು, ಸೀನು, ಕಣ್ಣುರಿ, ಬಿಡದ ಕೆಮ್ಮು ಇವು ಅದರ ಲಕ್ಷಣಗಳು. ಅಸ್ತಮಾ ಇರುವ ಮಗುವಿಗೆ ಉಬ್ಬಸ ಕೆರಳುತ್ತದೆ. ತೇವದ ಮನೆಗಳಲ್ಲಿ ಶ್ವಾಸರೋಗಗಳು ಹೆಚ್ಚೆಂದು ವಿಶ್ವ ಆರೋಗ್ಯ ಸಂಸ್ಥೆಯು 2009ರಲ್ಲಿ ಪ್ರಕಟಿಸಿದ ಮಾರ್ಗಸೂಚಿಯಲ್ಲಿ ಹೇಳಿದೆ.

ಇದಕ್ಕೆ ಪರಿಹಾರವೇನು? ಮೊದಲು ನೀರಿನ ಮೂಲವನ್ನು ಹುಡುಕಬೇಕು. ಹೆಂಚು ಬದಲಿಸದೆ ಗೋಡೆ ಉಜ್ಜಿದರೆ ಬೂಷ್ಟು ಮತ್ತೆ ಬರುವುದು ಖಂಡಿತ. ಅದರ ಮೇಲೆಯೇ ಸುಣ್ಣ ಬಳಿಯುವುದೂ ಕಲೆಯನ್ನು ಮರೆಮಾಡಿದಂತಾಗುತ್ತದೆಯೇ ಹೊರತು ಪರಿಹಾರವಲ್ಲ.

ಒಣ ಪೊರಕೆಯಿಂದ ಬೂಷ್ಟನ್ನು ಗುಡಿಸಲೇಬಾರದು. ಬೀಜಕಣಗಳು ಮನೆಯೆಲ್ಲ ಹರಡುತ್ತವೆ. ಮಕ್ಕಳನ್ನೂ ಉಬ್ಬಸದವರನ್ನೂ ಹೊರಗೆ ಕಳುಹಿಸಿ, ಕಿಟಕಿ ತೆರೆದು, ಮೂಗು ಬಾಯಿಗೆ ಒಳ್ಳೆಯ ಮಾಸ್ಕನ್ನೂ ಕೈಗೆ ರಬ್ಬರ್ ಗವಸನ್ನೂ ಧರಿಸಿ, ಸಾಬೂನು ನೀರಿನಲ್ಲಿ ಅದ್ದಿದ ಬಟ್ಟೆಯಿಂದ ಉಜ್ಜಬೇಕು. ಬಳಿಕ ಗೋಡೆಯನ್ನು ಪೂರ್ಣವಾಗಿ ಒಣಗಿಸಬೇಕು. ಬ್ಲೀಚಿಂಗ್ ಪುಡಿಯನ್ನು ಶೌಚಾಲಯ ತೊಳೆಯುವ ಆಮ್ಲದೊಡನೆಯಾಗಲಿ, ಅಮೋನಿಯಾ ಇರುವ ದ್ರಾವಣದೊಡನೆಯಾಗಲಿ ಎಂದಿಗೂ ಬೆರೆಸಕೂಡದು, ವಿಷಾನಿಲ ಏಳುತ್ತದೆ. ಬೂಷ್ಟು ಹಿಡಿದ ಹತ್ತಿಯ ದಿಂಬನ್ನು ಉಳಿಸಿಕೊಳ್ಳುವ ಆಸೆ ಬೇಡ. ಬೂಷ್ಟು 3 ಅಡಿ ಉದ್ದ, 3 ಅಡಿ ಅಗಲಕ್ಕಿಂತ ಹೆಚ್ಚು ಹಬ್ಬಿದ್ದರೆ ತಿಳಿದ ಕೆಲಸಗಾರರನ್ನು ಕರೆಸುವುದು ಲೇಸು.

ಮಂಚವನ್ನೂ ಕಪಾಟನ್ನೂ ಗೋಡೆಯಿಂದ ಒಂದು ಗೇಣು ದೂರವಿರಿಸಿರಿ. ಬಿಸಿಲು ಬಂದ ದಿನ ಹಾಸಿಗೆಗಳನ್ನು ಅಂಗಳಕ್ಕೆ ಹಾಕಿರಿ. ಸೋರುವ ಹೆಂಚುಗಳನ್ನು ಮಳೆಗಾಲಕ್ಕೆ ಮುನ್ನವೇ ಬದಲಿಸಿರಿ. ಗೋಡೆ ಸ್ವಚ್ಛವಾಯಿತೆಂದು ವೈದ್ಯರನ್ನು ಮರೆಯಬಾರದು. ಸೇದುವ ಔಷಧಿ ಚಟವಾಗುತ್ತದೆಂಬ ಭಯದಿಂದ ಅದನ್ನು ತಾವಾಗಿಯೇ ನಿಲ್ಲಿಸುವ ತಾಯ್ತಂದೆಯರಿದ್ದಾರೆ. ಆ ಭಯಕ್ಕೆ ಆಧಾರವಿಲ್ಲ. ಮಗುವಿನ ಪಕ್ಕೆ ಸೆಳೆಯುತ್ತಿದ್ದರೆ, ಮಾತನಾಡಲೂ ಉಸಿರು ಸಾಲದಿದ್ದರೆ ಒಡನೆ ಆಸ್ಪತ್ರೆಗೆ ಒಯ್ಯಿರಿ.

ಆ ಬಾಲಕನ ತಂದೆ ಬೇಸಿಗೆಯಲ್ಲಿ ಮಾಡು ಸರಿಪಡಿಸಿ, ಹಾಸಿಗೆಯ ಜಾಗ ಬದಲಿಸಿದರು. ವೈದ್ಯರ ಔಷಧಿಯೂ ನಡೆಯಿತು. ಮರುವರ್ಷದ ಆಟಿಯಲ್ಲಿ ಅವನು ಗೈರುಹಾಜರಾದದ್ದು ಎರಡೇ ದಿನ. ಈಗ ಮಳೆಗಾಲದಲ್ಲಿ ಮಗುವೊಂದು ತರಗತಿಯಲ್ಲಿ ತೂಕಡಿಸಿದರೆ ನಾನು ಗದರಿಸುವುದಿಲ್ಲ. ರಾತ್ರಿ ಎಲ್ಲಿ ಮಲಗುತ್ತೀಯೆಂದು ಕೇಳುತ್ತೇನೆ.