‘ನೆಗೞ್ದ’ ಎಂಬ ಪದದ ಬೆನ್ನು ಹತ್ತಿ

ಅರಕಲಗೂಡು ಕಡೆಯ ನನ್ನ ಗೆಳೆಯನೊಬ್ಬ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದಾನೆ. ಹೈಸ್ಕೂಲಿನಲ್ಲಿ ಹಿಡಿದ ಛಂದಸ್ಸಿನ ಹುಚ್ಚು ಅವನನ್ನು ಇನ್ನೂ ಬಿಟ್ಟಿಲ್ಲ. ಒಂದು ಭಾನುವಾರ ಹೊಳೆನರಸೀಪುರದ ನಮ್ಮ ಮನೆಗೆ ಬಂದವನು ಜಗಲಿಯ ಮೇಲೆ ಲ್ಯಾಪ್‌ಟಾಪ್ ತೆರೆದು, ತಾನೇ ಬರೆದ ಪುಟ್ಟದೊಂದು ಪ್ರೋಗ್ರಾಮ್ ತೋರಿಸಿದ. ಪದ್ಯ ಹಾಕಿದರೆ ಸಾಕು, ಲಘು ಗುರು ಗುರುತಿಸಿ, ಗಣ ಬಿಡಿಸಿ, ವೃತ್ತದ ಹೆಸರು ಹೇಳುತ್ತಿತ್ತು. ಪಂಪನ ನಾಲ್ಕಾರು ಪದ್ಯ ಹಾಕಿದೆವು. ಕಣ್ಣು ಮಿಟುಕಿಸುವಷ್ಟರಲ್ಲಿ ಉತ್ತರ. ಆಮೇಲೆ ಹೊಯ್ಸಳರ ಕಾಲದ ಒಂದು ಶಾಸನ ಪದ್ಯ ಹಾಕಿದೆವು. ಯಾವ ವೃತ್ತಕ್ಕೂ ಹೊಂದುವುದಿಲ್ಲ ಎಂದಿತು.

“ಕಲ್ಲು ಕೆತ್ತಿದವನು ತಪ್ಪಿದ್ದಾನೆ ಕಣೋ” ಎಂದ ಗೆಳೆಯ.

ನಾನು ಪದ್ಯವನ್ನು ಗಟ್ಟಿಯಾಗಿ ಓದಿದೆ. ನಮ್ಮಜ್ಜ ಶ್ರಾವಣದ ರಾತ್ರಿಗಳಲ್ಲಿ ಕುಮಾರವ್ಯಾಸ ಭಾರತ ಓದುತ್ತಿದ್ದುದನ್ನು ಕೇಳಿ ಬೆಳೆದ ಕಿವಿ ನನ್ನದು. ಓದು ಎಲ್ಲಿಯೂ ತಡವರಿಸಲಿಲ್ಲ. ಚಂಪಕಮಾಲೆಯ ನಡಿಗೆ ನಿಚ್ಚಳವಾಗಿ ಕೇಳುತ್ತಿತ್ತು. ತಪ್ಪು ಕಲ್ಲಿನಲ್ಲಿರಲಿಲ್ಲ, ಮೊದಲ ಪದದ ಲೆಕ್ಕದಲ್ಲಿತ್ತು. ಆ ಪದ ‘ನೆಗೞ್ದ’. ಹೆಸರಾದ, ಖ್ಯಾತನಾದ ಎಂದು ಅರ್ಥ. ನಾವು ಬಳಸಿದ ಪಾಠದಲ್ಲಿ ಅದು ‘ನೆಗಳ್ದ’ ಎಂದಿತ್ತು.

ಯಂತ್ರದ ಲೆಕ್ಕ ಸರಳ. ದೀರ್ಘ ಸ್ವರವಿದ್ದರೆ ಗುರು, ಅನುಸ್ವಾರ ವಿಸರ್ಗಗಳಿದ್ದರೆ ಗುರು, ಮುಂದೆ ಒತ್ತಕ್ಷರ ಬಂದರೆ ಹಿಂದಿನದು ಗುರು, ಉಳಿದದ್ದು ಲಘು. ಯೂನಿಕೋಡ್ ಬಂದ ಮೇಲೆ ಈ ಕೆಲಸ ಬಹಳ ಸುಲಭವಾಯಿತು. ಅದರಲ್ಲಿ ಅಕ್ಷರಗಳು ಉಚ್ಚಾರದ ಕ್ರಮದಲ್ಲೇ ಕೂರುತ್ತವೆ, ಎರಡು ವ್ಯಂಜನಗಳ ನಡುವೆ ವಿರಾಮ ಚಿಹ್ನೆ ಇದ್ದರೆ ಅದು ಒತ್ತಕ್ಷರ. ಹಳೆಯ ಫಾಂಟುಗಳಲ್ಲಿ ತಲೆಕಟ್ಟು, ಕೊಂಬು, ಒತ್ತುಗಳೆಲ್ಲ ಬಿಡಿ ಚೂರುಗಳಾಗಿ ಕೂತಿರುತ್ತಿದ್ದವು. ಅವುಗಳಿಂದ ಛಂದಸ್ಸು ಎಣಿಸುವುದೆಂದರೆ ಒಡೆದ ಬಳೆಯ ಚೂರುಗಳನ್ನು ಜೋಡಿಸಿದ ಹಾಗೆ.

ಚಂಪಕಮಾಲೆಯ ಪಾದಕ್ಕೆ 21 ಅಕ್ಷರ, ಮೊದಲ ಮೂರೂ ಲಘು. ಯಂತ್ರಕ್ಕೆ ಕಂಡದ್ದು ‘ನೆ’ ಲಘು, ಮುಂದೆ ಒತ್ತಕ್ಷರವಿರುವುದರಿಂದ ‘ಗ’ ಗುರು, ಆಮೇಲೆ ಲಘು. ಪದ್ಯ ಅಲ್ಲೇ ಮುರಿಯಿತು. ಕವಿ ಕೇಳಿಸಿಕೊಂಡದ್ದು ಮಾತ್ರ ಮೂರು ಲಘು. ಆ ಒತ್ತಕ್ಷರವನ್ನು ಒತ್ತಿ ಹೇಳದೆ ತೇಲಿಸಿ ಹೇಳುತ್ತಿದ್ದರು. ಹಿಂದಿನ ಅಕ್ಷರದ ಮೇಲೆ ಭಾರ ಬೀಳುತ್ತಿರಲಿಲ್ಲ. ಇದಕ್ಕೆ ಶಿಥಿಲದ್ವಿತ್ವ ಎಂದು ಹೆಸರು. ‘ಅಗಲ್ದು’ ಎಂಬಂಥ ಪದಗಳೂ ಇದೇ ಜಾತಿಯವು. ಕವಿ ಬೇಕೆಂದಾಗ ಇಂಥ ಪದವನ್ನು ತೇಲಿಸಬಹುದಿತ್ತು, ಬೇಡವೆಂದಾಗ ಒತ್ತಬಹುದಿತ್ತು. ಬರಹದಲ್ಲಿ ಇದಕ್ಕೆ ಗುರುತೇ ಇಲ್ಲ. ಇದು ಇರುವುದು ಕಿವಿಯಲ್ಲಿ.

ಗೆಳೆಯ ತಲೆ ಕೆಡಿಸಿಕೊಂಡ. “ಹಾಗಾದರೆ ಯಾವ ಯಾವ ಪದ ತೇಲುತ್ತೆ ಅಂತ ಪಟ್ಟಿ ಬೇಕಲ್ಲ, ಎಲ್ಲಿಂದ ತರಲಿ?” ಎಂದ. ದಾರಿ ತೋರಿಸುವ ವೈಯಾಕರಣ ಕೇಶಿರಾಜ ನಮ್ಮ ಹಾಸನ ಜಿಲ್ಲೆಯ ಸಂಬಂಧದವನೇ ಎಂಬುದು ನನಗೆ ಆಗ ನೆನಪಾಯಿತು.

ಬಿ.ಎಲ್. ರೈಸ್ ಅವರು ಹಾಸನ ಜಿಲ್ಲೆಯ ಶಾಸನಗಳನ್ನು ‘ಎಪಿಗ್ರಾಫಿಯ ಕರ್ನಾಟಿಕ’ದ ಐದನೆಯ ಸಂಪುಟವಾಗಿ ಹೊರತಂದದ್ದು 1902ರಲ್ಲಿ. ಅದರಲ್ಲಿ ಚನ್ನರಾಯಪಟ್ಟಣ ತಾಲ್ಲೂಕಿನ 179ನೆಯ ಶಾಸನದ ಪದ್ಯಗಳು ಜನ್ನನವು. ‘ಯಶೋಧರ ಚರಿತೆ’ ಬರೆದ ಅದೇ ಜನ್ನ. ಕಾವ್ಯದಿಂದ ಹೆಸರಾಗುವ ಮೊದಲು, 1190ರ ಆಸುಪಾಸಿನಲ್ಲಿ, ಅವನು ಕಲ್ಲಿಗೆ ಪದ್ಯ ಕಟ್ಟುತ್ತಿದ್ದ. ಜನ್ನನ ಸೋದರಿಯನ್ನು ಮದುವೆಯಾದವನು ಮಲ್ಲಿಕಾರ್ಜುನ, ಹೊಯ್ಸಳ ಸೋಮೇಶ್ವರನಿಗಾಗಿ ‘ಸೂಕ್ತಿಸುಧಾರ್ಣವ’ ಸಂಕಲಿಸಿದ ವಿದ್ವಾಂಸ. ಆ ದಂಪತಿಯ ಮಗನೇ ಕೇಶಿರಾಜ. ಸೋದರಮಾವ ಜನ್ನ, ತಾಯಿಯ ತಂದೆ ಕವಿ ಸುಮನೋಬಾಣ. ಇಂಥ ಮನೆಯಲ್ಲಿ ಬೆಳೆದವನು 1260ರ ಹೊತ್ತಿಗೆ ‘ಶಬ್ದಮಣಿದರ್ಪಣ’ ಬರೆದ.

ಕೇಶಿರಾಜನನ್ನು ನಾವು ಪಠ್ಯಪುಸ್ತಕದಲ್ಲಿ ಸಂಧಿ ಸಮಾಸಗಳ ಮೇಷ್ಟ್ರನ್ನಾಗಿ ಮಾಡಿ ಕೂರಿಸಿದ್ದೇವೆ. ನನಗೆ ಅವನು ಕಾಣುವುದೇ ಬೇರೆ ಥರ. ಬಳಕೆಯಿಂದ ಜಾರಿಹೋಗುತ್ತಿದ್ದ ದನಿಗಳನ್ನು ಕೊನೆಯ ಗಳಿಗೆಯಲ್ಲಿ ಕೂತು ಪಟ್ಟಿ ಮಾಡಿದವನು ಅವನು. ಎ, ಒ, ಱ, ೞ, ಳ ಈ ಐದು ದೇಶೀಯ ಅಕ್ಷರಗಳು ಎಂದು ಬೇರ್ಪಡಿಸಿದ. ಒಂದೇ ಥರ ಕೇಳುವ ಳಕಾರವನ್ನು ಮೂರಾಗಿ ವಿಂಗಡಿಸಿದ. ಸಂಸ್ಕೃತದ ಲಕಾರ ಬದಲಾಗಿ ಬಂದದ್ದು ಕ್ಷಳ, ಕನ್ನಡದ ಸಹಜ ಳಕಾರ ಕುಳ, ನಾಲಿಗೆಯನ್ನು ಹಿಂದಕ್ಕೆ ಮಡಿಸಿ ಹೇಳುವ ೞ ರಳ. ಯಾವ ಪದದಲ್ಲಿ ರಳ, ಯಾವುದರಲ್ಲಿ ಕುಳ ಎಂದು ಪದಗಳನ್ನೇ ಸಾಲಾಗಿ ಕೊಟ್ಟ. ಶಿಥಿಲದ್ವಿತ್ವ ಎಲ್ಲಿ ಬರುತ್ತದೆ ಎಂದೂ ಹೇಳಿದ. ಜನರ ಬಾಯಲ್ಲಿ ದನಿ ಗಟ್ಟಿಯಾಗಿ ಉಳಿದಿದ್ದರೆ ಪಟ್ಟಿಯ ಅಗತ್ಯವೇ ಬೀಳುತ್ತಿರಲಿಲ್ಲ. ಅವನ ಕಾಲಕ್ಕೆ ‘ನೆಗೞ್ದ’ ಎಂಬುದನ್ನು ಕೆಲವರು ‘ನೆಗಳ್ದ’ ಎಂದೂ ಕೆಲವರು ‘ನೆಗರ್ದ’ ಎಂದೂ ಕೆತ್ತುತ್ತಿದ್ದರು. ಮಾವನ ಪೀಳಿಗೆ ಕಿವಿಯಿಂದ ಮಾಡಿದ್ದನ್ನು ಅಳಿಯ ನಿಯಮ ಮಾಡಿ ಇಟ್ಟ. ಅದೂ ಕಂದಪದ್ಯದಲ್ಲಿ. ಹನ್ನೆರಡು, ಇಪ್ಪತ್ತು, ಹನ್ನೆರಡು, ಇಪ್ಪತ್ತು, ಒಟ್ಟು 64 ಮಾತ್ರೆಯ ಅಚ್ಚಿನಲ್ಲಿ ವ್ಯಾಕರಣವನ್ನು ಎರಕ ಹೊಯ್ದ.

ಗೆಳೆಯ ತನ್ನ ಪ್ರೋಗ್ರಾಮಿಗೆ ಶಿಥಿಲದ್ವಿತ್ವದ ಆ ನಿಯಮವನ್ನೇ ಸೇರಿಸಿದ. ಇಂಥ ಪದ ಬಂದಾಗ ಯಂತ್ರ ಎರಡೂ ಬಗೆಯಲ್ಲಿ ಓದಬೇಕು, ಒಮ್ಮೆ ಒತ್ತಿ, ಒಮ್ಮೆ ತೇಲಿಸಿ. ಯಾವುದು ವೃತ್ತಕ್ಕೆ ಕೂರುತ್ತದೋ ಅದೇ ಕವಿಯ ಉಚ್ಚಾರ. ಶಾಸನ ಪದ್ಯ ಮತ್ತೆ ಹಾಕಿದೆವು. ಚಂಪಕಮಾಲೆ ಎಂದಿತು.

ಆ ಸಂಜೆ ನನಗೆ ಹೊಳೆದದ್ದನ್ನು ಹೇಳಿಬಿಡುತ್ತೇನೆ. ಎಂಟುನೂರು ವರ್ಷದ ಹಿಂದೆ ಈ ಸೀಮೆಯಲ್ಲಿ ಕನ್ನಡ ಹೇಗೆ ಕೇಳುತ್ತಿತ್ತು ಎಂಬುದಕ್ಕೆ ನಮ್ಮಲ್ಲಿ ಧ್ವನಿಮುದ್ರಣವಿಲ್ಲ. ಇರುವುದು ಛಂದಸ್ಸು. ಕವಿ ಒಂದು ಅಕ್ಷರವನ್ನು ತೇಲಿಸಿದನೋ ಒತ್ತಿದನೋ ಎಂಬುದನ್ನು ವೃತ್ತ ಹಿಡಿದಿಟ್ಟುಕೊಂಡಿದೆ. ಪ್ರಾಸವೂ ಅಷ್ಟೆ. ಪಾದಗಳ ಎರಡನೆಯ ಅಕ್ಷರ ಒಂದೇ ವ್ಯಂಜನವಾಗಿರಬೇಕು. ಜಾಗರೂಕ ಕವಿ ರಳಕ್ಕೆ ಕುಳವನ್ನು ಪ್ರಾಸ ಮಾಡುತ್ತಿರಲಿಲ್ಲ. ಒಂದು ಕಾಲದ ಪದ್ಯಗಳಲ್ಲಿ ಎರಡೂ ಬೆರೆತಿವೆಯೆಂದರೆ ಆ ಹೊತ್ತಿಗೆ ಬಾಯಲ್ಲಿ ವ್ಯತ್ಯಾಸ ಅಳಿದಿತ್ತು ಎಂದರ್ಥ. ಒಬ್ಬ ವಿದ್ವಾಂಸ ಆಯುಷ್ಯವೆಲ್ಲ ಕೂತು ಮಾಡಬೇಕಾದ ಈ ಎಣಿಕೆಯನ್ನು ಯಂತ್ರ ಒಂದು ಮಧ್ಯಾಹ್ನದಲ್ಲಿ ಮಾಡಬಲ್ಲದು.

ಈ ೞ ನಮಗೆ ದೂರದ್ದಲ್ಲ. ತಮಿಳರು, ಮಲಯಾಳಿಗಳು ಇವತ್ತಿಗೂ ಹೇಳುತ್ತಾರೆ. ನಮ್ಮ ‘ಹೊಳೆ’ ಹಳಗನ್ನಡದಲ್ಲಿ ‘ಪೊೞೆ’, ಮಲಯಾಳದ ‘ಪುೞ’ದ ಒಡಹುಟ್ಟು. ಅಂದರೆ ಹೊಳೆನರಸೀಪುರದ ಹೆಸರಿನ ಎರಡನೆಯ ಅಕ್ಷರದಲ್ಲೇ ಆ ದನಿ ಅಡಗಿ ಕೂತಿದೆ. ಬೆಳಗೊಳದ ‘ಕೊಳ’ ಹಾಗಲ್ಲ, ಅದು ಕುಳ. ಹೇಮಾವತಿ ನೀರಿನ ನಮ್ಮ ಗದ್ದೆ ಒಂದು ಕಾಲಕ್ಕೆ ‘ಗೞ್ದೆ’, ಕತ್ತಲೆ ‘ಕೞ್ತಲೆ’, ಹೊತ್ತು ‘ಪೊೞ್ತು’. ‘ಬಾಳ್’ ಎಂದರೆ ಕತ್ತಿ, ‘ಬಾೞ್’ ಎಂದರೆ ಬದುಕು. ಇವತ್ತು ಎರಡೂ ಒಂದೇ ಬಾಳು.

ಕಂಪ್ಯೂಟರಿನಲ್ಲಿ ಈ ಅಕ್ಷರದ ಪಾಡು ಕೇಳಿ. ಯೂನಿಕೋಡ್ ಪಟ್ಟಿಯಲ್ಲಿ ೞಗೆ ಜಾಗವೇನೋ ಸಿಕ್ಕಿತು, ಹೆಸರು ಮಾತ್ರ ‘ಕನ್ನಡ ಲೆಟರ್ ಫಾ’ ಎಂದು ಬಿತ್ತು. ಫಕಾರಕ್ಕೂ ಇದಕ್ಕೂ ಸುತರಾಂ ಸಂಬಂಧವಿಲ್ಲ. ಒಮ್ಮೆ ಕೊಟ್ಟ ಹೆಸರನ್ನು ಎಂದೂ ಬದಲಿಸುವುದಿಲ್ಲ ಎಂಬುದು ಯೂನಿಕೋಡಿನ ಕಟ್ಟುನಿಟ್ಟು. ಹಾಗಾಗಿ ಸರಿಯಾದ ಹೆಸರನ್ನು ಪರ್ಯಾಯವಾಗಿ ಪಕ್ಕದಲ್ಲಿ ಸೇರಿಸಿದ್ದಾರೆ, ತಪ್ಪು ಹೆಸರು ಅಲ್ಲೇ ಇದೆ. ಕೇಶಿರಾಜ ಅಷ್ಟು ಜತನದಿಂದ ಬೇರ್ಪಡಿಸಿದ ಅಕ್ಷರಕ್ಕೆ ಹೀಗಾದದ್ದು ನನಗೆ ನೋವಿನ ಸಂಗತಿ. ಇನ್ನೂ ದೊಡ್ಡ ನೋವು ನಮ್ಮವರದೇ ಕೈಯದು. ಹಳಗನ್ನಡ ಪಠ್ಯಗಳನ್ನು ಟೈಪ್ ಮಾಡುವಾಗ ಎಷ್ಟೋ ಮಂದಿ ೞ ಇದ್ದಲ್ಲೆಲ್ಲ ಳ ಹೊಡೆದು, ಱ ಇದ್ದಲ್ಲೆಲ್ಲ ರ ಹೊಡೆದು ಮುಂದೆ ಹೋಗುತ್ತಾರೆ. ಓದುವವರಿಗೆ ಸುಲಭವಾಗಲಿ ಎಂಬ ಸದುದ್ದೇಶವೇ ಇರಬಹುದು. ಆ ಪಠ್ಯದಿಂದ ಮಾತ್ರ ಯಾವ ತಂತ್ರಾಂಶವೂ ರಳ ಕುಳ ಬೇರ್ಪಡಿಸಲಾರದು. ಕಲ್ಲಿನ ಮೇಲೆ ಉಳಿದಿದ್ದ ದನಿಯನ್ನು ಕೀಲಿಮಣೆಯಲ್ಲಿ ಅಳಿಸಿದಂತಾಯಿತು.

ಇಂಥ ಕಲ್ಲುಗಳು ನಮ್ಮ ಜಿಲ್ಲೆಯಲ್ಲಿ ಬೇಕಾದಷ್ಟಿವೆ. ಶ್ರವಣಬೆಳಗೊಳದ ಶಾಸನಗಳನ್ನು ರೈಸ್ ಮೊದಲು ಪ್ರಕಟಿಸಿದ್ದು 1889ರಲ್ಲಿ, 144 ಶಾಸನ. 1923ರಲ್ಲಿ ‘ಕರ್ಣಾಟಕ ಕವಿಚರಿತೆ’ಯ ಆರ್. ನರಸಿಂಹಾಚಾರ್ಯರು ಪರಿಷ್ಕರಿಸಿದಾಗ 500 ಆಯಿತು, 1973ರ ಮೈಸೂರು ವಿಶ್ವವಿದ್ಯಾಲಯದ ಸಂಪುಟದಲ್ಲಿ 573. ಅವುಗಳಲ್ಲಿ 271 ಚಿಕ್ಕಬೆಟ್ಟದಲ್ಲೇ ಇವೆ. ಗೊಮ್ಮಟನನ್ನು ನೋಡಿ ಬರುವವರಲ್ಲಿ ಹೆಚ್ಚಿನವರು ಎದುರಿನ ಈ ಬೆಟ್ಟ ಹತ್ತುವುದೇ ಇಲ್ಲ. ಸುಮಾರು 700ರ ಹೊತ್ತಿಗೆ ನಂದಿಸೇನ ಮುನಿ ಸನ್ಯಸನ ಮಾಡಿ ದೇಹ ಬಿಟ್ಟ ಸಂಗತಿ ಅಲ್ಲಿಯ ಬಂಡೆಯ ಮೇಲಿದೆ. ಸಿರಿ, ರೂಪ, ವೈಭವ ಮಳೆಬಿಲ್ಲಿನ ಹಾಗೆ, ಮಿಂಚಿನ ಹಾಗೆ, ಮಂಜಿನ ಹಾಗೆ ಎಂದು ಅವನಿಗೆ ಅನಿಸಿತಂತೆ. ಪಂಪನಿಗಿಂತ ಎರಡು ಶತಮಾನಕ್ಕೂ ಹಿಂದಿನದು. ಗೆಳೆಯ ಅದರ ಮೊದಲ ಪಾದವನ್ನು ಹಾಕಿ ನೋಡಿದ. ಮಹಾಸ್ರಗ್ಧರೆ, 22 ಅಕ್ಷರ, ಒಂದೂ ಆಚೀಚೆ ಇಲ್ಲ. ಕಾಡುಬಂಡೆಯ ಮೇಲೆ ಯಾರೋ ಹೆಸರು ಹೇಳದ ಕವಿ ಇಷ್ಟು ಅಚ್ಚುಕಟ್ಟಾಗಿ ಕಟ್ಟಿದ್ದಾನೆ. ನಾವಿಬ್ಬರೂ ಸ್ವಲ್ಪ ಹೊತ್ತು ಮಾತಾಡಲಿಲ್ಲ.

ವೃತ್ತಗಳನ್ನು ಯಂತ್ರ ಹೀಗೆ ಹಿಡಿಯುವುದರಲ್ಲಿ ಹೊಸತೇನಿಲ್ಲ. ಲಘು ಗುರುಗಳೆಂಬ ಎರಡೇ ಗುರುತಿನಲ್ಲಿ ಎಲ್ಲ ಸಾಧ್ಯತೆಗಳನ್ನೂ ಸಾಲಾಗಿ ಬರೆಯುವ ಪ್ರಸ್ತಾರ ಕ್ರಮವನ್ನು ಪಿಂಗಳನೇ ಕೊಟ್ಟಿದ್ದಾನೆ, ಕನ್ನಡದಲ್ಲಿ ‘ಛಂದೋಂಬುಧಿ’ಯ ನಾಗವರ್ಮ ಹೇಳಿದ್ದಾನೆ. ಸಂಸ್ಕೃತಕ್ಕೆ ಕಾನ್ಪುರದ ಐಐಟಿಯಲ್ಲಿ ರೂಪುಗೊಂಡ ‘ಛಂದೋಜ್ಞಾನಂ’ ಇದೆ, ಪಾಠದಲ್ಲಿ ತಪ್ಪಿದ್ದರೂ ಹತ್ತಿರದ ವೃತ್ತ ಯಾವುದೆಂದು ಊಹಿಸುತ್ತದೆ. ತೆಲುಗಿಗೆ ‘ಛಂದಂ’ ಇದೆ.

ಅಚ್ಚಕನ್ನಡದ ಅಂಶಗಣಕ್ಕೆ ಬಂದಾಗ ಮಾತ್ರ ಯಂತ್ರ ತಬ್ಬಿಬ್ಬಾಗುತ್ತದೆ. ಇಲ್ಲಿ ಒಂದೇ ಗಣ ಹಲವು ರೂಪ ತಾಳಬಹುದು. ಬ್ರಹ್ಮಗಣಕ್ಕೆ 4 ರೂಪ, ವಿಷ್ಣುವಿಗೆ 8, ರುದ್ರಕ್ಕೆ 16. ತ್ರಿಪದಿಯಲ್ಲಿ ಹನ್ನೊಂದು ಗಣ, ಆರನೆಯದೂ ಹತ್ತನೆಯದೂ ಬ್ರಹ್ಮ, ಮಿಕ್ಕ ಒಂಬತ್ತು ವಿಷ್ಣು. ಗುಣಿಸಿ ನೋಡಿದೆವು. ಮಹಾಸ್ರಗ್ಧರೆಯ ಪಾದಕ್ಕೆ ಇರುವುದು ಒಂದೇ ಅಚ್ಚು, ಮೂರು ಸಾಲಿನ ತ್ರಿಪದಿಗೆ 214,74,83,648. ಇನ್ನೂರ ಹದಿನಾಲ್ಕು ಕೋಟಿಗೂ ಮಿಕ್ಕಿದ ಈ ಸಾಧ್ಯತೆಗಳ ನಡುವೆ, ಓದು ಬರಹ ತಿಳಿಯದ ಹೆಂಗಸರು ಬೀಸುವ ಕಲ್ಲಿನ ಮುಂದೆ ಒಮ್ಮೆಯೂ ಲಯ ತಪ್ಪದೆ ಹಾಡಿದ್ದಾರೆ.

ಗೆಳೆಯ ಊರಿಗೆ ಹೋಗಿ ತನ್ನ ಅಜ್ಜಿಯಿಂದ ಎರಡು ಬೀಸುವ ಪದ ಹಾಡಿಸಿ ಫೋನಿನಲ್ಲಿ ತುಂಬಿಕೊಂಡು ಬಂದ. ಆಮ್‌ಸ್ಟರ್‌ಡ್ಯಾಮಿನ ಧ್ವನಿವಿಜ್ಞಾನಿಗಳಾದ ಪೌಲ್ ಬೋರ್ಸ್ಮಾ, ಡೇವಿಡ್ ವೇನಿಂಕ್ ಕಟ್ಟಿದ ‘ಪ್ರಾಟ್’ ಎಂಬ ಉಚಿತ ತಂತ್ರಾಂಶವಿದೆ. ಡಚ್ ಭಾಷೆಯಲ್ಲಿ ಆ ಪದಕ್ಕೆ ಮಾತು ಎಂದೇ ಅರ್ಥ. ದನಿಯನ್ನು ಅದು ಚಿತ್ರವಾಗಿ ಬಿಡಿಸುತ್ತದೆ, ಯಾವ ಸ್ವರ ಎಷ್ಟು ಹೊತ್ತು ನಿಂತಿತು ಎಂದು ಅಳೆದು ತೋರಿಸುತ್ತದೆ. ಬರಹದಲ್ಲಿ ಲಘುವಾಗಿದ್ದ ಅಕ್ಷರವನ್ನು ಅಜ್ಜಿ ಗಣದ ಕೊನೆಯಲ್ಲಿ ಎಳೆದು, ಪಕ್ಕದ ಗುರುವಿಗೆ ಸರಿಗಟ್ಟಿದ್ದು ಪರದೆಯ ಮೇಲೆ ಕಣ್ಣಿಗೆ ಕಂಡಿತು. ಸೇಡಿಯಾಪು ಕೃಷ್ಣಭಟ್ಟರು ‘ಛಂದೋಗತಿ’ಯಲ್ಲಿ ಗತಿ, ಲಯಗಳ ಬಗ್ಗೆ ಅಷ್ಟು ಸೂಕ್ಷ್ಮವಾಗಿ ಬರೆದದ್ದು ಇಂಥ ಯಾವ ಉಪಕರಣವೂ ಇಲ್ಲದೆ, ಬರಿಯ ಕಿವಿಯಿಂದ.

ಬರಹ ಮಾತ್ರ ನೋಡುವ ಪ್ರೋಗ್ರಾಮ್ ಅಜ್ಜಿಯ ತ್ರಿಪದಿಯನ್ನು ಪೂರ್ತಿ ಹಿಡಿಯಲಾರದು. ಅದಕ್ಕೆ ಹಾಡೂ ಬೇಕು. ಹಾಡುವವರು ದಿನದಿನಕ್ಕೆ ಕಡಿಮೆಯಾಗುತ್ತಿದ್ದಾರೆ, ಬೀಸುವ ಕಲ್ಲು ಹಿತ್ತಿಲು ಸೇರಿ ಎಷ್ಟೋ ವರ್ಷವಾಯಿತು. ಮೈಸೂರಿನಲ್ಲಿ 1965ರಿಂದ ವಾಕ್ ಶ್ರವಣ ಸಂಸ್ಥೆ ಇದೆ, 1969ರಿಂದ ಭಾರತೀಯ ಭಾಷಾ ಸಂಸ್ಥಾನ ಇದೆ. ದನಿಯನ್ನು ಅಳೆಯಬಲ್ಲವರು ನಮ್ಮ ನೆರೆಯಲ್ಲೇ ಇದ್ದಾರೆ. ಅಳೆಯಬೇಕಾದ ದನಿಯನ್ನು ಹಳ್ಳಿಗಳಿಂದ ತಂದು ಕೊಡಬೇಕಾದವರು ನಾವು.

ಆದ್ದರಿಂದ ಓದುಗರಲ್ಲಿ ಎರಡು ಕೇಳಿಕೆ. ಮನೆಯಲ್ಲಿ ಬೀಸುವ ಪದ, ಸೋಬಾನೆ ಬಲ್ಲ ಹಿರಿಯರಿದ್ದರೆ ಇವತ್ತೇ ಫೋನಿನಲ್ಲಿ ತುಂಬಿಕೊಳ್ಳಿ, ಹಾಡಿನ ಪಾಠವನ್ನೂ ಜೊತೆಗೆ ಬರೆದಿಡಿ. ಊರ ಕೆರೆ ಏರಿಯ ಮೇಲೋ ಗುಡಿಯ ಗೋಡೆಯಲ್ಲೋ ಇರುವ ಶಾಸನವನ್ನು ಕಂಪ್ಯೂಟರಿಗೆ ಏರಿಸುವ ಕೆಲಸ ನಿಮ್ಮ ಕೈಗೆ ಬಂದರೆ, ಕಲ್ಲಿನಲ್ಲಿ ೞ ಇದ್ದಲ್ಲಿ ೞ ಎಂದೇ ಹೊಡೆಯಿರಿ.